ಹಳೇ ಮಸ್ಟಾಂಗ್ ಕನ್ವರ್ಟಿಬಲ್ ತಗೊಳ್ಳಲಾ ಅಂತ ಕೇಳಿದ ತಮ್ಮನಿಗೆ

ತಮ್ಮಾ,

ನಿನ್ನ ಪತ್ರ ಓದಿದೆ. ನೀನು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಗೆ ಬಂದು ಕೆಲವೇ ತಿಂಗಳಾಗಿದೆ. ಬಸ್ಸು ನೆಚ್ಚಿಕೊಂಡರೆ ಆಫೀಸಿಗೆ ಹೊತ್ತಿಗೆ ಸರಿಯಾಗಿ ಹೋಗೋಕೆ ಆಗ್ತಿಲ್ಲ. ಮನೆ ಹತ್ತಿರ 1995ರ ಫೋರ್ಡ್ ಮಸ್ಟಾಂಗ್ ಜಿಟಿ ಕನ್ವರ್ಟಿಬಲ್ (ಛಾವಣಿ ಮಡಚಿ ಇಳಿಸಬಹುದಾದ ಕಾರು) ಮಾರಾಟಕ್ಕೆ ನಿಂತಿದೆ. ಕೆಂಪು ಬಣ್ಣ, ಐದು ಗೇರಿನ ಮ್ಯಾನುಯಲ್. ಇಂಜಿನ್ನಿಗೆ ಹೆಚ್ಚು ಗಾಳಿ ತುಂಬಿ ಶಕ್ತಿ ಹೆಚ್ಚಿಸುವ ಸೂಪರ್‌ಚಾರ್ಜರ್ ಕೂರಿಸಿದ್ದಾರೆ, ಎಕ್ಸಾಸ್ಟ್ ಬದಲಾಯಿಸಿದ್ದಾರೆ, ಹಿಂದಿನ ಆಕ್ಸಲ್‌ನ ಗೇರೂ ಬದಲಾಗಿದೆ. ಕೇಳ್ತಿರೋದು 9,500 ಡಾಲರ್. "ಅಣ್ಣಾ, ಮೊದಲ ಕಾರಾಗಿ ಇದನ್ನೇ ತಗೊಳ್ಳಲಾ? ಮುಂದೆ ಬೆಂಗಳೂರಿಗೆ ವಾಪಸ್ ಹೋಗುವಾಗ ಇದನ್ನೂ ಸಾಗಿಸಬಹುದಾ?" ಅಂತ ಕೇಳಿದ್ದೀಯ.

ಎರಡನೆಯ ಪ್ರಶ್ನೆಯನ್ನು ಮೊದಲು ಮುಗಿಸಿಬಿಡೋಣ. ಆಗಲ್ಲ. ಭಾರತಕ್ಕೆ ಹಳೇ ಕಾರು ತರಬೇಕಾದರೆ ಅದಕ್ಕೆ ಮೂರು ವರ್ಷಕ್ಕಿಂತ ಜಾಸ್ತಿ ವಯಸ್ಸಾಗಿರಬಾರದು, ಸ್ಟೀರಿಂಗ್ ಬಲಗಡೆ ಇರಬೇಕು. ಈ ಕಾರಿನಲ್ಲಿ ಎರಡೂ ಇಲ್ಲ. ಇಲ್ಲಿ ಕೊಂಡು, ಇಲ್ಲಿ ಓಡಿಸಿ, ಇಲ್ಲೇ ಮಾರಬೇಕಾದ ಕಾರು ಇದು.

ಮೊದಲ ಕಾರಾಗಿ ಬೇಡ ಅಂತಲೇ ನಾನು ಹೇಳುವುದು. ಕಾರು ಕೆಟ್ಟದ್ದು ಅಂತ ಅಲ್ಲ. ಇಂಥದ್ದೇ ಒಂದು ನನ್ನ ಹತ್ತಿರವೂ ಇದೆ, ಅದರ ಮೇಲೆ ನನಗೆ ತುಂಬಾ ಪ್ರೀತಿ. ಆದರೆ ಮೂವತ್ತು ವರ್ಷ ದಾಟಿದ ಗಾಡಿ ಒಂದು ಸಣ್ಣ ಪಾರ್ಟ್‌ಗಾಗಿ ವಾರಗಟ್ಟಲೆ ನಿಂತುಬಿಡಬಹುದು. ನಿನ್ನ ವೀಸಾ ಕೆಲಸದ ಮೇಲೆ ನಿಂತಿದೆ. ಕೆಲಸಕ್ಕೆ ಹೋಗೋ ಕಾರು ಬೆಳಿಗ್ಗೆ ಸ್ಟಾರ್ಟ್ ಆಗಲೇಬೇಕು, ಅಲ್ವಾ? ಮೊದಲು ಒಂದು ಹಳೇ ಕರೋಲಾನೋ ಸಿವಿಕ್ಕೋ ನೋಡಿಕೋ. ಇನ್ಶೂರೆನ್ಸ್ ಲೆಕ್ಕವೂ ಅದನ್ನೇ ಹೇಳುತ್ತದೆ. ಇಲ್ಲಿ ಓಡಿಸಿದ ದಾಖಲೆ ನಿನಗಿನ್ನೂ ಇಲ್ಲ, ಹಾಗಾಗಿ ವಿ8 ಕನ್ವರ್ಟಿಬಲ್‌ಗೆ ಪ್ರೀಮಿಯಂ ಜಾಸ್ತಿ ಕೇಳುತ್ತಾರೆ. ಹಳೇ ಹವ್ಯಾಸದ ಕಾರುಗಳಿಗೆ ಅಂತಲೇ ಪಾಲಿಸಿ ಕೊಡುವವರಿದ್ದಾರೆ, ಅವರ ದರ ಕಡಿಮೆ. ಆದರೆ ದಿನಬಳಕೆಗೆ ಬೇರೆ ಕಾರು ಇದೆಯಾ ಅನ್ನೋದೇ ಸಾಮಾನ್ಯವಾಗಿ ಅವರ ಮೊದಲ ಪ್ರಶ್ನೆ. ಇನ್ನೊಂದು ವಿಷಯ. ಮಾಡಿಫೈ ಮಾಡಿದ ಭಾಗಗಳನ್ನು ಮೊದಲೇ ಹೇಳಿ ಬರೆಸದಿದ್ದರೆ, ಅಪಘಾತವಾದಾಗ ಅವುಗಳ ಹಣ ಸಿಗದೇ ಹೋಗಬಹುದು.

ಇನ್ನು ಎರಡನೇ ಕಾರಾಗಿ ತಗೊಳ್ಳೋದಾದರೆ? ಆಗ ಮಾತೇ ಬೇರೆ. 1995ರ ಮಾಡೆಲ್ ಆರಿಸಿದ್ದು ಒಳ್ಳೆಯದೇ ಆಯಿತು. ಪುಶ್‌ರಾಡ್ ಅನ್ನೋ ಹಳೇ ವಿನ್ಯಾಸದ 5.0 ಲೀಟರ್ ವಿ8 ಇಂಜಿನ್ ಮಸ್ಟಾಂಗ್‌ಗೆ ಬಂದ ಕೊನೆಯ ವರ್ಷ ಅದು. 1996ರಲ್ಲಿ ಅದರ ಜಾಗಕ್ಕೆ 4.6 ಲೀಟರ್ ಇಂಜಿನ್ ಬಂತು. ಕಾರ್ಖಾನೆಯಿಂದ ಹೊರಟಾಗ ಜಿಟಿಯದು 215 ಅಶ್ವಶಕ್ತಿ. ಇವತ್ತಿನ ಲೆಕ್ಕದಲ್ಲಿ ಅದೇನೂ ದೊಡ್ಡ ಸಂಖ್ಯೆ ಅಲ್ಲ. ಆದರೆ ಕಡಿಮೆ ಆರ್‌ಪಿಎಂನಲ್ಲೇ ಎಳೆಯುವ ಇಂಜಿನ್ ಅದು. ಮಳೆ ನಿಂತ ಮೇಲೆ, ಮೇ ತಿಂಗಳಿಂದ ಅಕ್ಟೋಬರ್‌ವರೆಗೆ, ಟಾಪ್ ಇಳಿಸಿಕೊಂಡು ವುಡ್‌ಸೈಡ್‌ನಿಂದ ಹೈವೇ 84ರಲ್ಲಿ ಮೇಲೆ ಹತ್ತಿ, ಬೆಟ್ಟದ ನೆತ್ತಿಯ ಸ್ಕೈಲೈನ್ ರಸ್ತೆ ದಾಟಿ, ರೆಡ್‌ವುಡ್ ಮರಗಳ ನಡುವೆ ಲಾ ಹೋಂಡಾ ಕಡೆ ಇಳಿಯಬೇಕು. ಮೂರನೇ ಗೇರಿನಲ್ಲಿ ಆ ವಿ8 ಸದ್ದು ಗುಡ್ಡಕ್ಕೆ ಬಡಿದು ವಾಪಸ್ ಬರುತ್ತದೆ. ನಾನು ಈ ದೇಶದಲ್ಲಿ ಅತಿ ಖುಷಿಯಾಗಿ ಕಳೆದ ಗಂಟೆಗಳಲ್ಲಿ ಅವೂ ಸೇರಿವೆ. ಗ್ಯಾಲನ್‌ಗೆ 20 ಮೈಲಿ ಕೊಟ್ಟರೆ ಪುಣ್ಯ, ಅಂದರೆ ಲೀಟರಿಗೆ ಎಂಟೂವರೆ ಕಿಲೋಮೀಟರ್. ಅದಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡಿರು.

ಈಗ ಮುಖ್ಯವಾದ ವಿಷಯ, ಸ್ಮಾಗ್, ಅಂದರೆ ಕಾರಿನ ಹೊಗೆಯ ಪರೀಕ್ಷೆ. "ಸ್ಮಾಗ್ ಏನೂ ತೊಂದರೆ ಇಲ್ಲ" ಅಂತ ಮಾಲೀಕರು ಹೇಳಿದರು ಅಂದೆಯಲ್ಲ, ಬಾಯಿಮಾತು ಸಾಲದು. ಕ್ಯಾಲಿಫೋರ್ನಿಯಾದಲ್ಲಿ 1976 ಮತ್ತು ಆಮೇಲಿನ ಪೆಟ್ರೋಲ್ ಕಾರುಗಳಿಗೆ ಎರಡು ವರ್ಷಕ್ಕೊಮ್ಮೆ ಸ್ಮಾಗ್ ಪರೀಕ್ಷೆ ಆಗಬೇಕು. ತೀರಾ ಹೊಸ ಕಾರುಗಳಿಗೆ ಮಾತ್ರ ವಿನಾಯಿತಿ. ಇಂಥ ಕಾರು ಮಾರುವಾಗ ಸರ್ಟಿಫಿಕೇಟ್ ಮಾಡಿಸಿಕೊಡೋದು ಮಾರುವವರ ಜವಾಬ್ದಾರಿ, 90 ದಿನದೊಳಗಿನದ್ದಾಗಿರಬೇಕು. "ನೀವೇ ಮಾಡಿಸಿಕೊಳ್ಳಿ, 300 ಡಾಲರ್ ಬಿಡ್ತೀನಿ" ಅಂದರೆ ನಮಸ್ಕಾರ ಹಾಕಿ ಬಂದುಬಿಡು.

1996ಕ್ಕಿಂತ ಹಿಂದಿನ ಕಾರಾದ್ದರಿಂದ ಇದರಲ್ಲಿ ಒಬಿಡಿ-2 (ಕಾರು ತನ್ನ ದೋಷಗಳನ್ನು ತಾನೇ ದಾಖಲಿಸುವ ಕಂಪ್ಯೂಟರ್ ವ್ಯವಸ್ಥೆ) ಇಲ್ಲ, ಸುಮ್ನೆ ವೈರ್ ಚುಚ್ಚಿ ನೋಡಿ ಕಳಿಸಲ್ಲ. ನಮ್ಮ ಬೇ ಏರಿಯಾದಲ್ಲಿ ಹಿಂದಿನ ಚಕ್ರಗಳನ್ನು ರೋಲರ್ ಮೇಲೆ ಕೂರಿಸಿ, ಗಂಟೆಗೆ 15 ಮೈಲಿ, ಆಮೇಲೆ 25 ಮೈಲಿ ವೇಗದಲ್ಲಿ ಓಡಿಸಿ, ಹೊಗೆ ಅಳೆಯುತ್ತಾರೆ. ಜೊತೆಗೆ ಬಾನೆಟ್ ಎತ್ತಿ ಕಣ್ಣಾರೆ ನೋಡುತ್ತಾರೆ. ಮಾಡಿಫೈ ಮಾಡಿದ ಕಾರು ಸಿಕ್ಕಿಬೀಳೋದು ಹೆಚ್ಚಾಗಿ ಇಲ್ಲೇ. ಸೂಪರ್‌ಚಾರ್ಜರ್, ಹೆಡರ್ (ಇಂಜಿನ್ನಿಂದ ಹೊಗೆ ಹೊರತರುವ ಪೈಪುಗಳು), ಏರ್ ಇನ್‌ಟೇಕ್ ಯಾವುದೇ ಇರಲಿ, ಹೊರಗಿನದಾದರೆ ರಾಜ್ಯದ ವಾಯು ಮಂಡಳಿಯಾದ ಕಾರ್ಬ್ ಒಪ್ಪಿ ಕೊಟ್ಟ ಇಒ ನಂಬರ್, ಅಂದರೆ ಅನುಮತಿ ಆದೇಶದ ಸಂಖ್ಯೆ, ಅದಕ್ಕೆ ಇರಬೇಕು, ಅದೂ ಇದೇ ಮಾಡೆಲ್‌ಗೆ ಅನ್ವಯಿಸಬೇಕು. ಆ ನಂಬರಿನ ಸ್ಟಿಕರ್ ಸಾಮಾನ್ಯವಾಗಿ ಇಂಜಿನ್ ಪಕ್ಕದಲ್ಲೇ ಅಂಟಿಸಿರುತ್ತಾರೆ. ಇಲ್ಲದಿದ್ದರೆ ಹೊಗೆ ಎಷ್ಟೇ ಶುದ್ಧವಾಗಿದ್ದರೂ ಫೇಲ್. ಕಾರಿನ ಅಡಿಯಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕಿತ್ತು ಬರೀ ಪೈಪ್ ಹಾಕಿದ್ದರೂ ಅಷ್ಟೇ. ಕ್ಯಾಲಿಫೋರ್ನಿಯಾ ಒಪ್ಪುವ ಕನ್ವರ್ಟರ್ ಬೇರೆ ರಾಜ್ಯದ್ದಕ್ಕಿಂತ ದುಬಾರಿ. ಎಕ್ಸಾಸ್ಟ್ ಸದ್ದಿಗೂ ಮಿತಿ ಇದೆ, 95 ಡೆಸಿಬೆಲ್.

ಹಾಗಾಗಿ ಮಾಲೀಕರನ್ನು ಕೇಳಬೇಕಾದ ಮೊದಲ ಪ್ರಶ್ನೆ ಬೆಲೆಯದ್ದಲ್ಲ. "ಬಿಚ್ಚಿಟ್ಟ ಒರಿಜಿನಲ್ ಪಾರ್ಟ್ಸ್ ಇವೆಯಾ?" ಅಂತ ಕೇಳು. ಹಳೇ ಮ್ಯಾನಿಫೋಲ್ಡ್, ಕನ್ವರ್ಟರ್ ಇರುವ ಪೈಪ್, ಏರ್ ಬಾಕ್ಸ್, ಇವೆಲ್ಲ ಗ್ಯಾರೇಜಿನ ಮೂಲೆಯಲ್ಲಿ ಡಬ್ಬಿ ಕಟ್ಟಿ ಇಟ್ಟಿದ್ದರೆ, ಕಾಳಜಿಯಿಂದ ಕೆಲಸ ಮಾಡಿದ ಮನುಷ್ಯ ಅಂತ ಅರ್ಥ. ನಾಳೆ ಕಷ್ಟ ಬಂದರೆ ಕಾರನ್ನು ಮೊದಲಿನ ಸ್ಥಿತಿಗೆ ತರಬಹುದು. ಅವನ್ನು ಎಸೆದಿದ್ದರೆ ನಾನು ಬೆಲೆ ಮಾತಾಡೋಕೂ ಹೋಗಲ್ಲ. ಮಾಡಿಫಿಕೇಶನ್‌ಗೆ ಅವರು ಸುರಿದ ದುಡ್ಡನ್ನು ನೀನು ಕೊಡಬೇಕಾಗಿಲ್ಲ. ಹೆಚ್ಚು ಬದಲಾವಣೆ ಇಲ್ಲದ ಅಚ್ಚುಕಟ್ಟಾದ ಕಾರಿಗೇ ಕೊಳ್ಳುವವರು ಜಾಸ್ತಿ.

ಸೂಪರ್‌ಚಾರ್ಜರ್ ಬಗ್ಗೆ ಇನ್ನೊಂದು ಮಾತು. ಈ ಇಂಜಿನ್ನಿನ ಬ್ಲಾಕ್ ಸುಮಾರು 500 ಅಶ್ವಶಕ್ತಿಯ ಹತ್ತಿರ ಸೀಳಿಹೋಗುವುದು ಈ ಕಾರು ಬಲ್ಲವರಿಗೆಲ್ಲ ಗೊತ್ತು. ಅದಕ್ಕಿಂತ ಮೊದಲೇ ಈ ಕಾರಿನ ಟಿ-5 ಗೇರ್‌ಬಾಕ್ಸ್ ಕೈಕೊಡಬಹುದು. ಎಷ್ಟು ಬೂಸ್ಟ್ (ಸೂಪರ್‌ಚಾರ್ಜರ್ ಕೊಡುವ ಗಾಳಿಯ ಒತ್ತಡ), ಟ್ಯೂನ್ ಮಾಡಿದ್ದು ಯಾರು, ಯಂತ್ರದಲ್ಲಿ ಶಕ್ತಿ ಅಳೆದ ಡೈನೋ ಶೀಟ್ ಇದೆಯಾ ಅಂತ ಕೇಳು. ಎರಡನೇ, ಮೂರನೇ ಗೇರಿಗೆ ಹಾಕುವಾಗ ಕರಕರ ಅನ್ನುತ್ತಾ ಅಂತ ಕಿವಿಗೊಡು.

ಓಡೋಮೀಟರನ್ನೂ ನಂಬಬೇಡ. ಹಿಂದಿನ ಆಕ್ಸಲ್‌ನ ಗೇರ್ ಅನುಪಾತ 3.73ಕ್ಕೆ ಬದಲಾಯಿಸಿ, ಸ್ಪೀಡೋಮೀಟರ್ ಗೇರ್ ಬದಲಾಯಿಸದಿದ್ದರೆ ವೇಗವೂ ತಪ್ಪು, ಮೈಲಿಯೂ ತಪ್ಪು. ಓಡಿದ್ದಕ್ಕಿಂತ ಜಾಸ್ತಿ ತೋರಿಸುತ್ತದೆ. 2010 ಮತ್ತು ಹಿಂದಿನ ಮಾಡೆಲ್‌ಗಳಿಗೆ ಮೈಲಿ ಬರೆದುಕೊಡಬೇಕೆಂಬ ಫೆಡರಲ್ ನಿಯಮವೂ ಅನ್ವಯಿಸಲ್ಲ. ಸರ್ವಿಸ್ ರಸೀದಿಗಳಲ್ಲಿ ಬರೆದ ಮೈಲಿಗಳನ್ನು ವರ್ಷದ ಜೊತೆ ಹೊಂದಿಸಿ ನೋಡು.

ಟಾಪ್ ಅನ್ನು ಎರಡು ಸಲ ಪೂರ್ತಿ ಇಳಿಸಿ ಏರಿಸು. ಮುಂಗಾಜಿನ ಮೇಲಿನ ಎರಡೂ ಕೊಂಡಿ ಒತ್ತಡವಿಲ್ಲದೆ ಕೂರಬೇಕು. ಒಂದು ಕಡೆ ತಡೆದು, ಓರೆಯಾಗಿ ಏರಿದರೆ ಹೈಡ್ರಾಲಿಕ್ ಸಿಲಿಂಡರ್ ಸೋರುತ್ತಿರಬಹುದು. ಕಾರ್ಪೆಟ್ ಮೇಲೆ ಅಂಗೈ ಒತ್ತಿ ತೇವ ಇದೆಯಾ ನೋಡು, ಡಿಕ್ಕಿಯ ಮೂಲೆಗಳನ್ನೂ ನೋಡು. ಅಡಿಗೆ ಟಾರ್ಚ್ ಹಿಡಿದು, ಹಿಂದಿನ ಸಸ್ಪೆನ್ಷನ್ ತೋಳುಗಳು ಬಾಡಿಗೆ ಸೇರುವ ಟಾರ್ಕ್ ಬಾಕ್ಸ್ ಹರಿದಿದೆಯಾ ಅಂತ ಗಮನಿಸು. ಜಾಸ್ತಿ ಶಕ್ತಿ ತುಂಬಿದ ಮಸ್ಟಾಂಗ್‌ಗಳಲ್ಲಿ ಅಲ್ಲಿ ಬಿರುಕು ಬರುತ್ತದೆ. ಕಾರಿನ ಮುಂದಿನ, ಹಿಂದಿನ ಚೌಕಟ್ಟುಗಳನ್ನು ಜೋಡಿಸಿ ಗಟ್ಟಿ ಮಾಡುವ ಸಬ್‌ಫ್ರೇಮ್ ಕನೆಕ್ಟರ್ ವೆಲ್ಡ್ ಮಾಡಿಸಿದ್ದರೆ ಒಳ್ಳೆಯದು. ಮೇಲೆ ಛಾವಣಿ ಇಲ್ಲದ ಕಾರಿಗೆ ಅದು ನಿಜಕ್ಕೂ ಉಪಯೋಗದ ಬದಲಾವಣೆ.

ಕಾಗದಪತ್ರ ಸುಲಭ. ಪಿಂಕ್ ಸ್ಲಿಪ್‌ನಲ್ಲಿರುವ (ಕಾರಿನ ಮಾಲೀಕತ್ವದ ಪತ್ರ) ಹೆಸರು ಮಾರುವವರ ಐಡಿಯಲ್ಲೂ ಇರಬೇಕು, ಅದರಲ್ಲಿ ಸಾಲ್ವೇಜ್, ಅಂದರೆ ಭಾರಿ ಹಾನಿಯಾಗಿ ಇನ್ಶೂರೆನ್ಸ್‌ನವರು ಕೈಬಿಟ್ಟ ಕಾರು, ಅಂತ ಬರೆದಿರಬಾರದು. ದುಡ್ಡು ಬ್ಯಾಂಕಿನಲ್ಲೇ ಕೊಡು. ಹತ್ತು ದಿನದೊಳಗೆ ಇಲ್ಲಿನ ಆರ್‌ಟಿಒ ಆದ ಡಿಎಂವಿಯಲ್ಲಿ ನಿನ್ನ ಹೆಸರಿಗೆ ಮಾಡಿಸಿಕೋ. ಅಲ್ಲಿ ಶೇ 9ಕ್ಕಿಂತ ಜಾಸ್ತಿ ತೆರಿಗೆ ಕಟ್ಟಬೇಕಾಗುತ್ತದೆ, ಅದನ್ನು 9,500ರ ಮೇಲೆ ಸೇರಿಸಿ ಲೆಕ್ಕ ಹಾಕು.

ಕಾರಿನ ಗುರುತಿನ ಸಂಖ್ಯೆ, ಅಂದರೆ ವಿನ್ ನಂಬರ್, ನನಗೆ ಕಳಿಸು, ಹಿಸ್ಟರಿ ರಿಪೋರ್ಟ್ ನಾನು ತೆಗೆಸುತ್ತೇನೆ. ಶನಿವಾರ ಬೆಳಿಗ್ಗೆ ಇಬ್ಬರೂ ಹೋಗಿ ನೋಡೋಣ. ನಾವು ಬರುವ ಮೊದಲು ಇಂಜಿನ್ ಸ್ಟಾರ್ಟ್ ಮಾಡಬೇಡಿ ಅಂತ ಮಾಲೀಕರಿಗೆ ಈಗಲೇ ಹೇಳಿಬಿಡು. ತಣ್ಣಗಿದ್ದಾಗ ಹೇಗೆ ಸ್ಟಾರ್ಟ್ ಆಗುತ್ತೆ, ಎಂಥ ಹೊಗೆ ಬರುತ್ತೆ ಅಂತ ನೋಡಬೇಕು.