ಅಡಿಕೆ ಸುಲಿತದ ಕೂಲಿ ಲೆಕ್ಕ ಎಕ್ಸೆಲ್ 2010ರಲ್ಲಿ ಕೆಟ್ಟಾಗ

ಅಣ್ಣ, ನಮ್ಮ ಗುಂಪಿನಲ್ಲಿ ನೀವು ಹಾಕಿದ ಫೋಟೊ ನೋಡಿದೆ. ಮಗ ಬೆಂಗಳೂರಿನಿಂದ ಕಳಿಸಿದ ಅಡಿಕೆ ಸುಲಿತದ ಫೈಲು ತೆರೆದಾಗ ಸರಿಯಿತ್ತು, ತೂಕ ತಿದ್ದಿ ಎಂಟರ್ ಒತ್ತಿದ ಕೂಡಲೇ ಕೂಲಿ ಕಾಲಮ್ಮಿನಲ್ಲಿ '#ನೇಮ್?' ಬಂತು ಅಂದಿದ್ದೀರಿ. ಫೈಲು ಹಾಳಾಗಿಲ್ಲ, ನೀವೂ ಏನೂ ಕೆಡಿಸಿಲ್ಲ.

ಮಗ ದರ ಹುಡುಕಲು ಎಕ್ಸ್‌ಲುಕಪ್, ಒಬ್ಬೊಬ್ಬರ ಲೆಕ್ಕ ಬೇರೆ ಮಾಡಲು ಫಿಲ್ಟರ್ ಎಂಬ ಫಂಕ್ಷನ್ (ಎಕ್ಸೆಲ್ಲಿನ ಸಿದ್ಧ ಲೆಕ್ಕ) ಬಳಸಿದ್ದಾನೆ. ಇವೆರಡೂ ಎಕ್ಸೆಲ್ 2021 ಮತ್ತು ಮೈಕ್ರೋಸಾಫ್ಟ್ 365ರಲ್ಲಿವೆ, 2019ರಲ್ಲೂ ಇಲ್ಲ. ನಿಮ್ಮದು 2010. ತೆರೆದಾಗ ಕಂಡದ್ದು ಅವನ ಲ್ಯಾಪ್‌ಟಾಪು ಮಾಡಿಟ್ಟ ಹಳೆಯ ಉತ್ತರ. ತೂಕ ಬದಲಾದಾಗ ನಿಮ್ಮ ಎಕ್ಸೆಲ್ ತಾನೇ ಲೆಕ್ಕ ಮಾಡಲು ಹೋಗಿ, ಆ ಹೆಸರೇ ಗೊತ್ತಿಲ್ಲದೆ ಕೈಚೆಲ್ಲಿತು. ಫಾರ್ಮುಲಾ ನೋಡಿದರೆ ಫಂಕ್ಷನ್ ಹೆಸರಿನ ಮುಂದೆ 'ಎಕ್ಸ್‌ಎಲ್‌ಎಫ್‌ಎನ್' ಎಂದು ಅಂಟಿಕೊಂಡಿರುತ್ತದೆ. ಅದು ಕಂಡರೆ ಹೊಸ ಆವೃತ್ತಿಯ ಫಂಕ್ಷನ್ ಅಂತಲೇ ಲೆಕ್ಕ.

ಮೊದಲು ಫೈಲಿನ ಒಂದು ಕಾಪಿ ಇಟ್ಟುಕೊಳ್ಳಿ. 'ದರ' ಎಂಬ ಶೀಟಿನಲ್ಲಿ ಎ ಕಾಲಮ್ಮಿನಲ್ಲಿ ಅಡಿಕೆಯ ಬಗೆ (ಹಸಿ ಅಡಿಕೆ, ಗೋಟು, ಚಾಲಿ), ಬಿಯಲ್ಲಿ ಕೆಜಿಗೆ ದರ ಇದೆ ಅಂದುಕೊಳ್ಳಿ. ಎಕ್ಸ್‌ಲುಕಪ್ ಇದ್ದ ಜಾಗಕ್ಕೆ ಇದನ್ನು ಹಾಕಿ:

ಇಂಡೆಕ್ಸ್(ದರ!ಬಿ:ಬಿ, ಮ್ಯಾಚ್(ಸಿ5, ದರ!ಎ:ಎ, 0))

(ಸಿ5 ಅಂದರೆ ದಿನದ ಲೆಕ್ಕದಲ್ಲಿ ಬಗೆ ಬರೆದ ಸೆಲ್. ಗುಂಪಿನ ನಿಯಮದಂತೆ ಎಲ್ಲ ಕನ್ನಡ ಅಕ್ಷರದಲ್ಲಿ ಬರೆದೆ. ಫಂಕ್ಷನ್ ಹೆಸರು, ಕಾಲಮ್ ಅಕ್ಷರ ಎಲ್ಲ ಇಂಗ್ಲಿಷಿನಲ್ಲೇ ಟೈಪ್ ಮಾಡಿ.) ಕೊನೆಯ ಸೊನ್ನೆ ಮರೆಯಬೇಡಿ. ಬಿಟ್ಟರೆ ಪಟ್ಟಿ ಅಕ್ಷರಕ್ರಮದಲ್ಲಿದೆ ಅಂದುಕೊಂಡು ಹುಡುಕುತ್ತದೆ, ಹಸಿ ಅಡಿಕೆಗೆ ಚಾಲಿಯ ದರ ಕೊಟ್ಟರೂ ಸುಮ್ಮನಿರುತ್ತದೆ. ಫಿಲ್ಟರ್ ಬದಲು ಒಬ್ಬರ ಹೆಸರಿನ ಸಾಲುಗಳನ್ನಷ್ಟೇ ಕೂಡುವ ಸಮ್‌ಇಫ್ಸ್ ಸಾಕು, ಈ ಕ್ರಮದಲ್ಲಿ ಕೊಡಿ: ಕೂಡಬೇಕಾದ ಕಾಲಮ್, ಹೆಸರಿನ ಕಾಲಮ್, ಯಾರ ಹೆಸರು. ಇವೆಲ್ಲ ಎಕ್ಸೆಲ್ 2007ರಲ್ಲೇ ಇದ್ದವು, ಎಕ್ಸೆಲ್‌ನಂಥವೇ ಆದ ಲಿಬ್ರೆಆಫೀಸ್, ಗೂಗಲ್ ಶೀಟ್ಸಲ್ಲೂ ನಡೆಯುತ್ತವೆ.

ಏನೂ ತಿದ್ದುವುದು ಬೇಡ ಅನಿಸಿದರೆ ಲಿಬ್ರೆಆಫೀಸ್ 24.8 ಅಥವಾ ಅದರ ನಂತರದ್ದು ಹಾಕಿಸಿ, ದುಡ್ಡಿಲ್ಲ. ಎಕ್ಸ್‌ಲುಕಪ್, ಫಿಲ್ಟರ್ ಎರಡೂ ಅದರಲ್ಲಿವೆ. ಆದರೆ ಅದೂ ತೆರೆದ ಕೂಡಲೇ ಹಳೆಯ ಉತ್ತರವನ್ನೇ ತೋರಿಸಬಹುದು, ಕಂಟ್ರೋಲ್ ಶಿಫ್ಟ್ ಎಫ್9 ಒತ್ತಿ ಮತ್ತೆ ಲೆಕ್ಕ ಮಾಡಿಸಿ.

ಇಷ್ಟಾದ ಮೇಲೆ '#ಎನ್/ಎ' ಬಂದರೆ ಆವೃತ್ತಿಯನ್ನು ಬೈಯಬೇಡಿ. ಫಂಕ್ಷನ್ ಗೊತ್ತಿದೆ, ಹುಡುಕಿದ ಪದ ಸಿಗಲಿಲ್ಲ ಅಂತ ಅದರರ್ಥ. ನಮ್ಮಲ್ಲಿ ಇದಕ್ಕೆ ದೊಡ್ಡ ಕಾರಣ 'ನುಡಿ' ಎಂಬ ಕನ್ನಡ ಟೈಪಿಂಗ್ ತಂತ್ರಾಂಶ. ದರದ ಪಟ್ಟಿಯನ್ನು ಹಳೆಯ ನುಡಿ ಫಾಂಟಿನಲ್ಲಿ ಬರೆದು, ದಿನದ ಲೆಕ್ಕವನ್ನು ಯೂನಿಕೋಡಿನಲ್ಲಿ (ಈಗ ಮೊಬೈಲಿನಲ್ಲೂ ಬಳಸುವ ಅಕ್ಷರ ಪದ್ಧತಿ) ಬರೆದರೆ 'ಗೋಟು' ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಎರಡು ಬೇರೆ ಪದ. ಎರಡನ್ನೂ ಯೂನಿಕೋಡಿಗೆ ತನ್ನಿ. ಪದದ ಹಿಂದೆ ಒಂದು ಖಾಲಿ ಜಾಗ ಉಳಿದಿದ್ದರೂ ಇದೇ ಗತಿ.

ಇದನ್ನು ಮುಚ್ಚಲು ಇಫ್‌ಎರರ್ (ತಪ್ಪು ಬಂದಲ್ಲಿ ಬೇರೆ ಉತ್ತರ ತೋರಿಸುವ ಫಂಕ್ಷನ್) ಹಾಕಿ ಸೊನ್ನೆ ತೋರಿಸಿ ಅಂತ ಗುಂಪಿನಲ್ಲಿ ಮೇಲೆ ಒಬ್ಬರು ಬರೆದಿದ್ದಾರೆ. ಕೂಲಿ ಲೆಕ್ಕದಲ್ಲಿ ಅದು ಬೇಡವೇ ಬೇಡ. ತಪ್ಪು ಕಣ್ಣಿಗೆ ಬೀಳಬೇಕು, ಸೊನ್ನೆ ಬಿದ್ದರೆ ಪಾಪ ಸುಲಿದವರ ಕೂಲಿ ಹೋಯಿತು.

ಇನ್ನು ತಾರೀಖು. ಹೋದ ಕೊಯ್ಲಿನಲ್ಲಿ ನಾನೇ ಪೆಟ್ಟು ತಿಂದಿದ್ದೇನೆ. ಹಳೆ ಕಂಪ್ಯೂಟರಿನ ರೀಜನ್ (ದೇಶದ ಸೆಟ್ಟಿಂಗ್) ಅಮೆರಿಕದ್ದಿತ್ತು, ಅಲ್ಲಿ ತಿಂಗಳು ಮೊದಲು. ಡಿಸೆಂಬರಿನಲ್ಲಿ 5/12 ಅಂತ ಹೊಡೆದದ್ದು ಮೇ 12 ಆಯಿತು, 13/12 ತಾರೀಖೇ ಆಗದೆ ಬರೀ ಅಕ್ಷರವಾಗಿ ಉಳಿಯಿತು. ವಾರದ ಮೊತ್ತ ಸೊನ್ನೆ ಬಂದು, ಸುಲಿಯುವವರ ಮುಂದೆ ಮತ್ತೆ ನೋಟ್‌ಬುಕ್ ಬಿಚ್ಚಿ ಕೂತೆ. ಪತ್ತೆ ಸುಲಭ: ತಾರೀಖು ಸೆಲ್ಲಿನ ಬಲಕ್ಕೆ ಅಂಟಿದ್ದರೆ ಎಕ್ಸೆಲ್ ಅದನ್ನು ತಾರೀಖಾಗಿ ತೆಗೆದುಕೊಂಡಿದೆ, ಎಡಕ್ಕಿದ್ದರೆ ಅಕ್ಷರ. ಎಡಕ್ಕಿರುವ ಸಾಲುಗಳನ್ನಷ್ಟೇ ಆರಿಸಿ, ಡೇಟಾ ಮೆನುವಿನ ಟೆಕ್ಸ್ಟ್ ಟು ಕಾಲಮ್ಸ್‌ನಲ್ಲಿ ಡಿಎಂವೈ (ದಿನ, ತಿಂಗಳು, ವರ್ಷ) ಕೊಟ್ಟರೆ ಸರಿಯಾಗುತ್ತವೆ. 5/12ರ ಹಾಗೆ ದಿನ, ತಿಂಗಳು ಅದಲುಬದಲಾದವು ಮಾತ್ರ ಹಾಗೆ ಸರಿಹೋಗುವುದಿಲ್ಲ, ಕೈಯಲ್ಲೇ ತಿದ್ದಬೇಕು. ಮೊದಲು ಕಂಟ್ರೋಲ್ ಪ್ಯಾನೆಲ್ಲಿನಲ್ಲಿ ರೀಜನ್ ಅನ್ನು ಇಂಡಿಯಾ ಮಾಡಿ.

ಒಂದೇ ಸಾಲು ಬದಲಿಸಿ, ಕೈಲೆಕ್ಕದ ಜೊತೆ ತಾಳೆ ನೋಡಿ, ಆಮೇಲೆ ಕೆಳಗೆ ಎಳೆಯಿರಿ. ಆಗದಿದ್ದರೆ ಫಾರ್ಮುಲಾ ಕಾಣುವ ಹಾಗೆ ಒಂದು ಫೋಟೊ ಹಾಕಿ. ಸಂಜೆ ಕರೆಂಟಿದ್ದರೆ ನೋಡುತ್ತೇನೆ.