ಜಿಪ್ ಫೈಲು ತೆರೆಯದಿದ್ದಾಗ

ಪ್ರಶ್ನೆ: ಕಚೇರಿಯ ಲಿನಕ್ಸ್ ಸರ್ವರ್‌ನಿಂದ ಮನೆಯ ವಿಂಡೋಸ್ ಕಂಪ್ಯೂಟರ್‌ಗೆ ಎಫ್‌ಟಿಪಿ ಮೂಲಕ ಇಳಿಸಿಕೊಂಡ ಜಿಪ್ ಫೈಲುಗಳು ತೆರೆಯುತ್ತಿಲ್ಲ, ಪಠ್ಯದ ಫೈಲುಗಳು ಮಾತ್ರ ಸರಿಯಾಗಿವೆ. ಕಾರಣವೇನು?
– ಓದುಗರೊಬ್ಬರು, ಬಸವನಗುಡಿ, ಬೆಂಗಳೂರು

ಉತ್ತರ: ಅವು ಆಸ್ಕಿ ವಿಧಾನದಲ್ಲಿ (ಪಠ್ಯದ ಫೈಲುಗಳಿಗೆಂದು ಇರುವ, ಸಾಲಿನ ಕೊನೆಯ ಗುರುತನ್ನು ಆಯಾ ಕಂಪ್ಯೂಟರ್‌ಗೆ ತಕ್ಕಂತೆ ಬದಲಿಸುವ ವಿಧಾನ) ವರ್ಗಾವಣೆಯಾಗಿರುವ ಸಾಧ್ಯತೆಯೇ ಹೆಚ್ಚು. ಸಾಲಿನ ಕೊನೆಯನ್ನು ಸೂಚಿಸಲು ಲಿನಕ್ಸ್ 10 ಎಂಬ ಒಂದೇ ಬೈಟನ್ನೂ, ವಿಂಡೋಸ್ 13 ಮತ್ತು 10 ಎಂಬ ಎರಡನ್ನೂ ಬಳಸುವುದರಿಂದ, ಈ ವಿಧಾನವು ಜಿಪ್‌ನೊಳಗೆ ಆಕಸ್ಮಿಕವಾಗಿ ಬಂದ 10ಕ್ಕೆ ಮುಂಚೆಯೂ 13ನ್ನು ತುರುಕಿ ಫೈಲನ್ನು ಕೆಡಿಸುತ್ತದೆ. ಎರಡೂ ಕಡೆಯ ಗಾತ್ರವನ್ನು ಬೈಟ್‌ಗಳಲ್ಲಿ ಹೋಲಿಸಿದರೆ ಹೆಚ್ಚಳ ಕಾಣುತ್ತದೆ. ಕೆಟ್ಟ ಪ್ರತಿಯನ್ನು ರಿಪೇರಿ ಮಾಡಲು ಹೆಣಗದೆ, ಫೈಲು ಇಳಿಸುವ ‘ಗೆಟ್’ ಆದೇಶಕ್ಕೆ ಮೊದಲು, ಬೈಟ್‌ಗಳನ್ನು ಇದ್ದಂತೆಯೇ ಕಳಿಸುವ ‘ಬೈನರಿ’ ಆದೇಶ ಕೊಟ್ಟು ಮತ್ತೆ ಇಳಿಸಿಕೊಳ್ಳಿ. ಸರ್ವರ್‌ನಲ್ಲಿ ಎಸ್‌ಎಸ್‌ಎಚ್ (ಗುಟ್ಟು ಕಾಯುವ ಸುರಕ್ಷಿತ ಸಂಪರ್ಕ) ಇದ್ದರೆ, ಪಾಸ್‌ವರ್ಡನ್ನೂ ಗುಟ್ಟಾಗಿಡದ ಎಫ್‌ಟಿಪಿಗಿಂತ ಆ ಸಂಪರ್ಕದ ಮೂಲಕ ಫೈಲು ನಕಲಿಸುವ ಎಸ್‌ಸಿಪಿಯೇ ಲೇಸು. ಅದರಲ್ಲಿ ಈ ವಿಧಾನಗಳ ಗೊಡವೆಯೇ ಇಲ್ಲ.