ಹೊಗೆಮುಸುಕಿನ ಪೇಟೆಂಟ್ ಯಾರದು?

ಪ್ರಶ್ನೆ: ಗ್ಯಾಸ್ ಮಾಸ್ಕ್ ಕಂಡುಹಿಡಿದವರು ಅಮೆರಿಕದ ಗ್ಯಾರೆಟ್ ಮೋರ್ಗನ್ ಎಂದು ಮಗನ ಶಾಲೆಯ ಗೋಡೆಪತ್ರಿಕೆಯಲ್ಲಿ ಬರೆದಿದ್ದಾರೆ. ಅವರಿಗಿಂತ ಮುಂಚೆಯೇ ಇಂಥ ಮಾಸ್ಕ್‌ಗಳಿದ್ದವಂತೆ. ಹಾಗಿದ್ದರೆ ಅವರಿಗೆ ಪೇಟೆಂಟ್ ಸಿಕ್ಕಿದ್ದು ಹೇಗೆ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ‘ಮಾಸ್ಕ್’ ಎಂಬ ಕಲ್ಪನೆಗೆ ಯಾರೂ ಪೇಟೆಂಟ್ ಕೊಡುವುದಿಲ್ಲ, ತನ್ನ ಸಾಧನದಲ್ಲಿ ಯಾವ ಜೋಡಣೆ ಹೊಸದೆಂದು ಅರ್ಜಿದಾರರು ಬರೆದುಕೊಡುತ್ತಾರೋ ಅಷ್ಟಕ್ಕೆ ಮಾತ್ರ ಹಕ್ಕು ಸಿಗುತ್ತದೆ. ಕೆಂಟಕಿಯ ಲೂಯಿವಿಲ್ ನಗರದ ಲೂಯಿಸ್ ಹ್ಯಾಸ್ಲೆಟ್ 1849ರಲ್ಲೇ, ಒದ್ದೆ ಉಣ್ಣೆಯಲ್ಲಿ ಗಾಳಿ ಸೋಸುವ ‘ಶ್ವಾಸಕೋಶ ರಕ್ಷಕ’ಕ್ಕೆ ಪೇಟೆಂಟ್ ಪಡೆದಿದ್ದರು.

ಅದೇ ಕೆಂಟಕಿಯಲ್ಲಿ 1877ರಲ್ಲಿ ಹುಟ್ಟಿ, ಮುಂದೆ ಓಹಾಯೋದ ಕ್ಲೀವ್‌ಲ್ಯಾಂಡಿನಲ್ಲಿ ಹೊಲಿಗೆ ಯಂತ್ರ ರಿಪೇರಿ ಮಾಡುತ್ತಿದ್ದ ಮೋರ್ಗನ್ ಹಿಡಿದ ದಾರಿ ಬೇರೆ. ಬೆಂಕಿ ಬಿದ್ದ ಕೋಣೆಯಲ್ಲಿ ಬಿಸಿ ಹೊಗೆ ಮೇಲೇರಿ ನಿಂತರೂ ನೆಲದ ಬಳಿ ತುಸು ಶುದ್ಧ ಗಾಳಿ ಉಳಿದಿರುತ್ತದೆ. ಆದ್ದರಿಂದ ಅವರು ತಲೆಯನ್ನು ಪೂರ್ತಿ ಮುಚ್ಚುವ, ಮಕ್ಕಳ ಕುಲಾವಿಯನ್ನು ನೆನಪಿಸುವ ಮುಸುಕಿಗೆ ಉದ್ದನೆಯ ಕೊಳವೆಗಳನ್ನು ಜೋಡಿಸಿ, ತುದಿ ನೆಲದ ಹತ್ತಿರ ಜೋತಾಡುವಂತೆ ಬಿಟ್ಟು, ಅಲ್ಲಿ ನೀರಿನಲ್ಲಿ ಅದ್ದಿದ ಸ್ಪಂಜನ್ನು ಇಟ್ಟರು. ಸ್ಪಂಜು ಹೊಗೆಯ ಕಣಗಳನ್ನು ತಡೆದು ಗಾಳಿಯನ್ನು ತಂಪಾಗಿಸುತ್ತಿತ್ತು. ಹೊರಬಿಟ್ಟ ಉಸಿರಿಗೆ ಬೇರೆಯೇ ದಾರಿಯಿತ್ತು. 1912ರಲ್ಲಿ ಸಲ್ಲಿಸಿದ ಅರ್ಜಿಗೆ 1914ರ ಮಾರ್ಚ್‌ನಲ್ಲಿ 1,090,936ನೇ ಪೇಟೆಂಟ್ ದೊರೆಯಿತು. ಅದೇ ಅಕ್ಟೋಬರ್‌ನಲ್ಲಿ ಇನ್ನೊಂದು, 1,113,675ನೇದು, ಬಂತು. ಒದ್ದೆ ಸ್ಪಂಜು ಕಾರ್ಬನ್ ಮಾನಾಕ್ಸೈಡನ್ನು ತಡೆಯಲಾರದು ಎಂಬುದನ್ನೂ ಹೇಳಬೇಕು. ಎಲ್ಲ ವಿಷಾನಿಲಕ್ಕೂ ಒಗ್ಗುವ ಸಾಧನ ಅದಾಗಿರಲಿಲ್ಲ.

ಅಂದಿನ ಅಮೆರಿಕದಲ್ಲಿ ಪೇಟೆಂಟ್ 17 ವರ್ಷ ಹಕ್ಕು ಕೊಡುತ್ತಿತ್ತು, ಆದರೆ ಗಿರಾಕಿಯನ್ನು ತಂದುಕೊಡುತ್ತಿರಲಿಲ್ಲ. ಮೋರ್ಗನ್ ಕಪ್ಪು ವರ್ಣೀಯರಾಗಿದ್ದರಿಂದ ದಕ್ಷಿಣದ ರಾಜ್ಯಗಳಲ್ಲಿ ಬಿಳಿಯ ನಟನೊಬ್ಬನನ್ನು ‘ಸಂಶೋಧಕ’ನೆಂದು ಮುಂದೆ ನಿಲ್ಲಿಸಿ, ತಾವು ಮೂಲನಿವಾಸಿಯ ವೇಷ ಹಾಕಿಕೊಂಡು ಹೊಗೆ ತುಂಬಿದ ಡೇರೆಯೊಳಗೆ ಮುಸುಕು ತೊಟ್ಟು ಹೋಗಿ ಬರುತ್ತಿದ್ದರು. 1916ರ ಜುಲೈನಲ್ಲಿ ಈರೀ ಸರೋವರದಡಿಯ ಸುರಂಗದಲ್ಲಿ ಸ್ಫೋಟವಾಗಿ ಕಾರ್ಮಿಕರು ಸಿಲುಕಿದಾಗ ಮೋರ್ಗನ್ನರೂ ಅವರ ಸಹೋದರ ಫ್ರ್ಯಾಂಕರೂ ಇದೇ ಮುಸುಕಿನಲ್ಲಿ ಒಳಗಿಳಿದು ಕೆಲವರನ್ನು ಹೊತ್ತು ತಂದರು.

ಗೋಡೆಪತ್ರಿಕೆಯವರು ‘ಗ್ಯಾಸ್ ಮಾಸ್ಕ್ ಕಂಡುಹಿಡಿದವರು’ ಎಂಬುದನ್ನು ಹೊಡೆದುಹಾಕಿ, ‘ಹೊಗೆಮುಸುಕಿಗೆ 1914ರಲ್ಲಿ ಪೇಟೆಂಟ್ ಪಡೆದವರು’ ಎಂದು ಬರೆದರೆ ಸರಿಹೋಗುತ್ತದೆ.